ಗಟ್ಟಿಯಾಗಿ ಕಾಣುವ ನೀರು

ಬಿಸಿಲ ನಾಡಿನಲ್ಲಿ ಕುಳಿತು ಈ ಮಾಸಪತ್ರಿಕೆಯನ್ನು ಓದುವ ನಿಮಗೆ ಮಂಜುಗಡ್ಡೆಯ ಮೇಲೆ ನಡೆಯುವ ವಿಚಾರ ಹೇಳಹೊರಟಿರುವುದು ವಿಚಿತ್ರವೆನಿಸಬಹುದು. ಆದರೆ ಮಗನೋ ಮಗಳೋ ಅಮೆರಿಕದಲ್ಲೋ ಕೆನಡಾದಲ್ಲೋ ಇರುವ ಮನೆಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟಿವೆ. ಕ್ರಿಸ್ಮಸ್ ಕಳೆದ ಮೇಲೆ ಮಕ್ಕಳು ಕಳುಹಿಸಿದ ಛಾಯಾಚಿತ್ರಗಳನ್ನು ತಾಯಂದಿರು ಬಲಿಪೂಜೆ ಮುಗಿದ ಬಳಿಕ ದೇವಾಲಯದ ಮೆಟ್ಟಿಲ ಬಳಿ ನನಗೆ ತೋರಿಸುವುದುಂಟು. ಅಂಥದೊಂದು ಚಿತ್ರದಲ್ಲಿ ದಪ್ಪ ಕೋಟು ತೊಟ್ಟ ಮಗ, ಸೊಸೆ, ಅವರಿಬ್ಬರ ನಡುವೆ ಮೂರು ವರ್ಷದ ಮೊಮ್ಮಗು. ಹಿಂದೆ ಕಣ್ಣು ಹಾಯುವಷ್ಟು ದೂರ ಬಿಳಿಯ ಬಯಲು. "ಇದು ಮೈದಾನ ಅಲ್ಲವಂತೆ ಸ್ವಾಮಿ, ಕೆರೆಯಂತೆ! ನೀರಿನ ಮೇಲೆ ನಿಂತಿದ್ದಾರಂತೆ!" ಎಂದು ಆ ತಾಯಿ ಹೆಮ್ಮೆಯಿಂದ ಹೇಳಿದರು. ನಾನು ಕೇಳಿದ್ದು ಒಂದೇ ಮಾತು: "ಎಷ್ಟು ಅಂಗುಲ ದಪ್ಪ ಇತ್ತಂತೆ?" ಆಕೆ ನನ್ನ ಮುಖವನ್ನೇ ನೋಡಿದರು. ಪ್ರಶ್ನೆ ಆಕೆಗೆ ಅರ್ಥವಾಗಲಿಲ್ಲ. ನಮ್ಮ ಹೆತ್ತವರಿಗೆ ಅದು ಅರ್ಥವಾಗಬೇಕೆಂಬ ಕಾರಣಕ್ಕೇ ಈ ಬರಹ.

ನಮ್ಮ ಧರ್ಮಾಧ್ಯಕ್ಷರ ಅಪ್ಪಣೆಯಂತೆ ನಾನು 2019ರಿಂದ 2024ರವರೆಗೆ ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದ ಒಂದು ಚಿಕ್ಕ ಧರ್ಮಕೇಂದ್ರದ ಸೇವೆಯಲ್ಲಿದ್ದೆ. ಆ ರಾಜ್ಯದ ವಾಹನಗಳ ಸಂಖ್ಯಾಫಲಕದ ಮೇಲೆಯೇ ‘ಹತ್ತು ಸಾವಿರ ಸರೋವರಗಳು’ ಎಂದು ಬರೆದಿರುತ್ತದೆ. ಎಣಿಸಿದರೆ ಅದಕ್ಕೂ ಹೆಚ್ಚೇ ಇವೆ. ಚಳಿಗಾಲ ಬಂತೆಂದರೆ ಅವೆಲ್ಲ ಊರಿನ ಬಯಲುಗಳಾಗಿಬಿಡುತ್ತವೆ. ಜನರು ಅವುಗಳ ಮೇಲೆ ನಡೆಯುತ್ತಾರೆ, ವಾಹನ ಓಡಿಸುತ್ತಾರೆ. ಪುಟ್ಟ ಗುಡಿಸಲುಗಳನ್ನು ಎಳೆದು ತಂದು ನಿಲ್ಲಿಸಿ, ಕಾಲಡಿಯಲ್ಲೇ ರಂಧ್ರ ಕೊರೆದು, ಪಕ್ಕದಲ್ಲಿ ಒಲೆ ಹೊತ್ತಿಸಿಕೊಂಡು ಮೀನು ಹಿಡಿಯುತ್ತ ಕುಳಿತುಕೊಳ್ಳುತ್ತಾರೆ. "ಇಲ್ಲಿ ನಾವೆಲ್ಲ ಸಂತ ಪೇತ್ರರೇ ಫಾದರ್, ನಾಲ್ಕು ತಿಂಗಳು ನೀರಿನ ಮೇಲೆಯೇ ನಡೆಯುತ್ತೇವೆ" ಎಂದು ನಾನು ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಒಬ್ಬರು ನಕ್ಕರು. ಆ ಹಾಸ್ಯವನ್ನು ಆಮೇಲೆ ಎಷ್ಟು ಬಾರಿ ಕೇಳಿದೆನೋ ಲೆಕ್ಕವಿಲ್ಲ.

ಕೆರೆಯೊಂದು ಹೆಪ್ಪುಗಟ್ಟುವ ಬಗೆಯಲ್ಲಿ ಸೃಷ್ಟಿಕರ್ತನ ಜಾಣ್ಮೆಯನ್ನು ಕಾಣದಿರಲು ಸಾಧ್ಯವಿಲ್ಲ. ಉಳಿದ ಬಹುಪಾಲು ವಸ್ತುಗಳು ತಣ್ಣಗಾದಷ್ಟೂ ಕುಗ್ಗಿ ಭಾರವಾಗುತ್ತ ಹೋಗುತ್ತವೆ. ನೀರು ಮಾತ್ರ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಭಾರವಾಗಿದ್ದು, ಇನ್ನೂ ತಣ್ಣಗಾದರೆ ಮತ್ತೆ ಹಗುರವಾಗುತ್ತದೆ. ಆದ್ದರಿಂದ ಕೆರೆಯ ನೀರೆಲ್ಲ ಆ ಮಟ್ಟಕ್ಕೆ ಇಳಿದ ಮೇಲೆ, ಮೇಲ್ಪದರವಷ್ಟೇ ತಣ್ಣಗಾಗಿ ಹೆಪ್ಪುಗಟ್ಟಿ, ತನಗಿಂತ ಭಾರವಾದ ನೀರಿನ ಮೇಲೆ ಮುಚ್ಚಳದಂತೆ ತೇಲುತ್ತದೆ. ಅದರ ಕೆಳಗೆ ಮೀನುಗಳು ಬದುಕಿಕೊಳ್ಳುತ್ತವೆ. ನೀರು ಹೀಗಿಲ್ಲದೆ ತಳದಿಂದ ಹೆಪ್ಪುಗಟ್ಟುತ್ತ ಬಂದಿದ್ದರೆ ಶೀತದೇಶಗಳ ಕೆರೆಗಳಲ್ಲಿ ಜೀವವೇ ಉಳಿಯುತ್ತಿರಲಿಲ್ಲ. ಮಂಜುಗಡ್ಡೆಯನ್ನು ದೇವರು ಎರಚುವ ತುಣುಕುಗಳಿಗೆ ಹೋಲಿಸಿರುವ 147ನೆಯ ಕೀರ್ತನೆಯನ್ನು ಬಿಸಿಲಿನ ನಾಡಿನಲ್ಲಿ ಅದೆಷ್ಟೋ ಬಾರಿ ಪ್ರಾರ್ಥಿಸಿದ್ದೆ. ಅಲ್ಲಿ ಮಾತ್ರ ಅದನ್ನು ಕಿಟಕಿಯಿಂದ ಹೊರಗೆ ನೋಡುತ್ತ ಪ್ರಾರ್ಥಿಸಿದೆ.

ಮಂಜುಗಡ್ಡೆ ಬೆಳೆಯುವುದು ಕೆಳಮುಖವಾಗಿ. ನೀರಿನೊಳಗಿನ ಶಾಖ ಅದರ ಮೂಲಕ ಮೇಲೇರಿ ಗಾಳಿಗೆ ಸೇರಿದಂತೆಲ್ಲ ಅಡಿಯಲ್ಲಿ ಹೊಸ ಪದರ ಕೂಡುತ್ತದೆ. ಇನ್ನೂ ತೆಳ್ಳಗಿರುವಾಗಲೇ ಮೇಲೆ ದಟ್ಟವಾಗಿ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿದಂತಾಗಿ ಈ ಬೆಳವಣಿಗೆ ನಿಧಾನವಾಗುತ್ತದೆ. ಹಿಮದ ಭಾರಕ್ಕೆ ಮಂಜುಗಡ್ಡೆ ತಗ್ಗಿ, ಬಿರುಕುಗಳಿಂದ ನೀರು ಮೇಲೆದ್ದು ಹಿಮವನ್ನು ನೆನೆಸುತ್ತದೆ. ಆ ರಾಡಿ ಹೆಪ್ಪುಗಟ್ಟಿದರೆ ಬಿಳಿಯ ಮಂಜುಗಡ್ಡೆ. ಅದರ ತುಂಬ ಗಾಳಿಗುಳ್ಳೆಗಳಿರುತ್ತವೆ. ಗಾಜಿನಂತೆ ಪಾರದರ್ಶಕವಾಗಿ, ಕೆಳಗಿನ ನೀರಿನ ಕಪ್ಪನ್ನು ತೋರಿಸುವ ಮಂಜುಗಡ್ಡೆಯೇ ಗಟ್ಟಿ. ಬೆಳ್ಳಗೆ ಹಾಲಿನಂತೆ ಕಾಣುವುದರ ಬಲ ಅದರ ಅರ್ಧದಷ್ಟು. ನಮ್ಮ ಕಣ್ಣಿಗೆ ಇದು ತಿರುಗುಮುರುಗಾಗಿ ತೋರುತ್ತದೆ. ಬಿಳಿಯದು ಸುಣ್ಣದ ನೆಲದಂತೆ ಭರವಸೆ ಕೊಡುತ್ತದೆ, ಕಪ್ಪಾದದ್ದು ಹೆದರಿಸುತ್ತದೆ.

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕದ ಪ್ರಕಾರ ಒಬ್ಬ ಮನುಷ್ಯ ನಡೆಯಲು ಹೊಸದಾದ, ಪಾರದರ್ಶಕವಾದ ಮಂಜುಗಡ್ಡೆ ಕನಿಷ್ಠ 4 ಅಂಗುಲ ಇರಬೇಕು. ಹಿಮವಾಹನಕ್ಕೆ 5ರಿಂದ 7, ಸಣ್ಣ ಕಾರಿಗೆ 9ರಿಂದ 10 ಅಂಗುಲ ಬೇಕು. ಬಿಳಿಯದಾದರೆ ಇದೆಲ್ಲ ಎರಡರಷ್ಟು. ಪೂರ್ತಿ ಸುರಕ್ಷಿತವಾದ ಮಂಜುಗಡ್ಡೆ ಎಂಬುದೇ ಇಲ್ಲವೆಂದೂ ಆ ಇಲಾಖೆ ಕೂಡಲೇ ಎಚ್ಚರಿಸುತ್ತದೆ. ಇಲ್ಲಿ ಗಣಿತದ ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಿ: ಮಂಜುಗಡ್ಡೆ ಹೊರುವ ಭಾರ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 4 ಅಂಗುಲ ಇದ್ದದ್ದು 2 ಅಂಗುಲವಾದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. "ಸ್ವಲ್ಪವೇ ತೆಳ್ಳಗಿದೆ" ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲ.

ದಪ್ಪವೂ ಒಂದೇ ಸಮನಾಗಿರುವುದಿಲ್ಲ. ಒಂದು ಕಡೆ 10 ಅಂಗುಲವಿದ್ದರೆ ಐವತ್ತು ಹೆಜ್ಜೆ ಆಚೆ 2 ಅಂಗುಲವಿರಬಹುದು. ತಳದಲ್ಲಿ ಒರತೆ ಇರುವಲ್ಲಿ, ತೊರೆ ಬಂದು ಸೇರುವಲ್ಲಿ, ಎರಡು ಸರೋವರಗಳ ನಡುವಿನ ಕಿರಿದಾದ ನೀರದಾರಿಯಲ್ಲಿ, ಸೇತುವೆಯ ಅಡಿಯಲ್ಲಿ, ಬಾತುಗಳ ಹಿಂಡು ಈಜುತ್ತ ನೀರನ್ನು ಬಹುಕಾಲ ಹೆಪ್ಪುಗಟ್ಟಲು ಬಿಡದ ಜಾಗದಲ್ಲಿ ಹಾಗಾಗುತ್ತದೆ. ಒಮ್ಮೆ ಹಿಮ ಸುರಿದರೆ ಎಲ್ಲವೂ ಒಂದೇ ಬಿಳಿ. ಬೇಸಿಗೆಯಲ್ಲಿ ನಮ್ಮ ಕೆರೆಯಂಗಳಗಳನ್ನು ನೋಡಿದವರಿಗೆ ಇದು ಪೂರ್ತಿ ಹೊಸದಲ್ಲ. ಮೇಲಿನ ಮಣ್ಣು ಒಣಗಿ ಬಿರುಕುಬಿಟ್ಟು ಗಟ್ಟಿನೆಲದಂತೆ ಕಾಣುತ್ತದೆ, ಕೆಳಗೆ ಹೂಳು ಇನ್ನೂ ಹಸಿಯಾಗಿರುತ್ತದೆ. ದನ ಕಾಯುವ ಹುಡುಗ ಕೋಲಿನಿಂದ ಚುಚ್ಚಿ ನೋಡದೆ ದನಗಳನ್ನು ಅತ್ತ ಬಿಡುವುದಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರಿದ್ದರು. ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ಅಜ್ಜ ಸ್ಲೊವೇನಿಯಾದಿಂದ ಅದೇ ಗಣಿಗಳಿಗೆ ಕೂಲಿಗಾಗಿ ಬಂದವರು. ಡಿಸೆಂಬರ್ ಬಂದರೆ ಅವರ ಕೈಯಲ್ಲಿ ಯಾವಾಗಲೂ ಒಂದು ಕಬ್ಬಿಣದ ಹಾರೆ. ನಮ್ಮ ಹಾರೆಯಂಥದೇ, ತುದಿ ಉಳಿಯಂತೆ ಚೂಪು. ಸರೋವರದ ದಡಕ್ಕೆ ಬಂದವರು ಕೂಡಲೇ ಇಳಿಯುತ್ತಿರಲಿಲ್ಲ. ಐದು ನಿಮಿಷ ಸುಮ್ಮನೆ ನಿಂತು ನೋಡುತ್ತಿದ್ದರು. ಎಲ್ಲಿ ಬಣ್ಣ ಬೂದಿಯಾಗಿದೆ, ಎಲ್ಲಿ ಹಿಮ ತಗ್ಗಿ ಕುಳಿತಿದೆ, ಎಲ್ಲಿ ನೀರು ಒಸರಿದೆ ಎಂದು ಅವರ ಕಣ್ಣು ಹುಡುಕುತ್ತಿತ್ತು. ಆಮೇಲೆ ಹೆಜ್ಜೆಗೊಮ್ಮೆ ಮುಂದಿನ ಜಾಗಕ್ಕೆ ಹಾರೆಯಿಂದ ಬಲವಾಗಿ ಕುಟ್ಟಿ, ಸದ್ದು ಕೇಳಿಸಿಕೊಂಡು, ಮುಂದೆ ಕಾಲಿಡುತ್ತಿದ್ದರು. ಗಟ್ಟಿ ಮಂಜುಗಡ್ಡೆ ಬಿಗಿಯಾದ ಸದ್ದು ಕೊಡುತ್ತದೆ, ಟೊಳ್ಳಾದದ್ದು ಮಂಕಾಗಿ ಒದಗುತ್ತದೆ. ಅಷ್ಟಷ್ಟು ದೂರಕ್ಕೆ ಬೈರಿಗೆಯಿಂದ ರಂಧ್ರ ಕೊರೆದು, ತುದಿ ಬಾಗಿದ ಕಡ್ಡಿಯನ್ನು ಇಳಿಬಿಟ್ಟು, ಅಂಚಿಗೆ ಸಿಕ್ಕಿಸಿ ಅಳೆಯುತ್ತಿದ್ದರು. ಕೊರಳಲ್ಲಿ ಜಪಸರದ ಜೊತೆಗೆ ಇನ್ನೊಂದು ದಾರ ತೂಗುತ್ತಿತ್ತು. ಅದರ ಎರಡು ತುದಿಗಳಲ್ಲಿ ಮೊಳೆ ಹೊಡೆದ ಎರಡು ಮರದ ಹಿಡಿಗಳು. ನೀರಿಗೆ ಬಿದ್ದರೆ ಜಾರುವ ಅಂಚಿಗೆ ಕುತ್ತಿ ಹಿಡಿದುಕೊಂಡು ಮೇಲೇರಲಿಕ್ಕೆ ಅವು.

ಒಮ್ಮೆ ಅವರ ಜೊತೆ ಹೋಗಿದ್ದಾಗ ಹಿಮದ ಮೇಲೆ ಯಾರದೋ ಹೆಜ್ಜೆಗುರುತುಗಳು ಸಾಲಾಗಿದ್ದವು. "ಇಲ್ಲಿ ಯಾರೋ ಆಗಲೇ ನಡೆದಿದ್ದಾರಲ್ಲ?" ಎಂದೆ. "ಹೆಜ್ಜೆ ಕಾಣುತ್ತದೆ ಫಾದರ್, ಯಾವ ದಿನದ್ದೆಂದು ಕಾಣುವುದಿಲ್ಲ" ಎಂದು ಹೇಳಿ, ಆ ಗುರುತುಗಳ ನಡುವೆಯೇ ಹಾರೆ ಕುಟ್ಟುತ್ತ ಹೋದರು.

ಆ ಭಾಗದ ಹಳಬರಿಗೆ ಒಂದು ಪಂಚಾಂಗವಿತ್ತು. ನವೆಂಬರ್ ಕೊನೆಯ ಕೃತಜ್ಞತಾ ಹಬ್ಬಕ್ಕೆ ಚಿಕ್ಕ ಕೊಲ್ಲಿಗಳ ಮೇಲೆ ನಡೆಯಬಹುದು, ಕ್ರಿಸ್ಮಸ್ ವೇಳೆಗೆ ಹಿಮವಾಹನ, ಮೂವರು ರಾಯರ ಹಬ್ಬ ಕಳೆದರೆ ಟ್ರಕ್ಕು. ತಂದೆಯಿಂದ ಮಗನಿಗೆ ಬಂದ ಲೆಕ್ಕ ಅದು. ಆದರೆ ಚಳಿ ಆ ಲೆಕ್ಕಕ್ಕೆ ಬದ್ಧವಾಗಿ ಉಳಿಯಲಿಲ್ಲ. 2023-24ರ ಚಳಿಗಾಲ ಮಿನ್ನೆಸೋಟದ ದಾಖಲೆಗಳಲ್ಲೇ ಅತ್ಯಂತ ಬೆಚ್ಚಗಿನದು. ಆ ವರ್ಷ ಕ್ರಿಸ್ಮಸ್ ದಿನ ಹಿಮದ ಬದಲು ಮಳೆ ಸುರಿಯಿತು. ಕೊಡೆ ಹಿಡಿದು ಪೂಜೆಗೆ ಬಂದವರನ್ನು ಕಂಡು ನನಗೆ ನಮ್ಮ ಜೂನ್ ತಿಂಗಳು ನೆನಪಾಯಿತು. ನಾಲ್ಕು ದಿನಗಳ ಬಳಿಕ, ಡಿಸೆಂಬರ್ 29ರಂದು, ಅಪ್ಪರ್ ರೆಡ್ ಸರೋವರದಲ್ಲಿ ಮಂಜುಗಡ್ಡೆಯ ಹಾಸು ದಡದಿಂದ ಬೇರ್ಪಟ್ಟು ನಡುವೆ ನೀರು ತೆರೆದುಕೊಂಡಿತು. ಅದರ ಮೇಲಿದ್ದ ನೂರಕ್ಕೂ ಹೆಚ್ಚು ಮೀನುಗಾರರನ್ನು ರಕ್ಷಣಾ ಸಿಬ್ಬಂದಿ ದಡಕ್ಕೆ ತಂದರು. ಬ್ರೈನರ್ಡ್ ಪಟ್ಟಣದ ಸಮೀಪದ ಗಲ್ ಸರೋವರದ ಮೇಲೆ ಸಾವಿರಾರು ಜನ ಸೇರುವ ಮೀನು ಹಿಡಿಯುವ ಸ್ಪರ್ಧೆ 2024ರ ಜನವರಿಯಲ್ಲಿ ರದ್ದಾಯಿತು.

ಕೊರೆಯುವ ಚಳಿಯೇ ಜನರನ್ನು ಕೊಲ್ಲುತ್ತದೆಂದು ನಾವು ಭಾವಿಸುತ್ತೇವೆ. ಮಂಜುಗಡ್ಡೆಯ ವಿಚಾರದಲ್ಲಿ ಕೊಲ್ಲುವುದು ಹಿತವಾದ ಹವೆ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮಾ ಮತ್ತು ಸಂಗಡಿಗರು ಹತ್ತು ದೇಶಗಳಲ್ಲಿ ಚಳಿಗಾಲದಲ್ಲಿ ಮುಳುಗಿ ಸತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಚಳಿಗಾಲದ ಗಾಳಿಯ ಉಷ್ಣತೆ ಸೊನ್ನೆಗಿಂತ ಐದು ಡಿಗ್ರಿ ಕೆಳಗಿನಿಂದ ಸೊನ್ನೆಯವರೆಗಿನ ಅಂತರದಲ್ಲಿದ್ದಾಗ ಸಾವುಗಳು ಅತಿ ಹೆಚ್ಚು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೊರೆಯುವ ಚಳಿಯಲ್ಲಿ ಮಂಜುಗಡ್ಡೆ ಗಟ್ಟಿ, ಬೇಸಿಗೆಯಲ್ಲಿ ಅದು ಇಲ್ಲವೇ ಇಲ್ಲ. ಈ ನಡುವಿನ ಹವೆಯಲ್ಲಿ ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮಳೆ ಬಿದ್ದು, ಮತ್ತೆ ಹೆಪ್ಪುಗಟ್ಟಿ ಬಿಳಿಯದೇ ಹೆಚ್ಚಾಗುತ್ತದೆ. ಬಿಸಿಲು ಹಿತವಾಗಿರುವುದರಿಂದ ಮಕ್ಕಳೂ ಹೊರಗೆ ಬರುತ್ತಾರೆ. ಚಳಿಗಾಲದ ಕೊನೆಯಲ್ಲಂತೂ ಎರಡು ಅಡಿ ದಪ್ಪವಿದ್ದರೂ ನಂಬುವಂತಿಲ್ಲ. ಬಿಸಿಲು ಒಳಹೊಕ್ಕು ಅದನ್ನು ನಿಲುವಾದ ಉದ್ದ ಕಡ್ಡಿಗಳಾಗಿ ಬಿಡಿಸಿರುತ್ತದೆ. ಪೀಠದ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ಮೇಣದಬತ್ತಿಗಳಂತೆ ಅವು ಒಂದಕ್ಕೊಂದು ಅಂಟಿಕೊಳ್ಳದೆ ನಿಂತಿರುತ್ತವೆ. ಅಲ್ಲಿನವರು ಅದನ್ನು ಮೇಣದಬತ್ತಿ ಮಂಜುಗಡ್ಡೆಯೆಂದೇ ಕರೆಯುತ್ತಾರೆ.

ಇಂಥದೊಂದು ಮಾರ್ಚ್ ತಿಂಗಳಲ್ಲಿ, ತಪಸ್ಸುಕಾಲದ ಮೂರನೆಯ ವಾರ, ನಾನು ಒಬ್ಬ ಗೃಹಸ್ಥರ ಅಂತ್ಯಕ್ರಿಯೆಯ ಬಲಿಪೂಜೆ ಅರ್ಪಿಸಬೇಕಾಯಿತು. ವಯಸ್ಸು ಐವತ್ತೆಂಟು. ಅವರ ತಂದೆ ಮೀನು ಹಿಡಿದ ಜಾಗದಲ್ಲೇ ನಲವತ್ತು ವರ್ಷ ಮೀನು ಹಿಡಿದವರು. ದಡದಿಂದ ಆ ಜಾಗಕ್ಕೆ ಹೋಗುವಾಗ ಕಿರಿದಾದ ನೀರದಾರಿಯೊಂದನ್ನು ದಾಟಬೇಕಿತ್ತು. ಹಿಂದಿನ ಶನಿವಾರವೂ ದಾಟಿದ್ದರು. ಈ ಶನಿವಾರ ಬೆಳಿಗ್ಗೆ ಅವರ ಹಿಮವಾಹನ ಅಲ್ಲಿಯೇ ಕುಸಿಯಿತು. ಸಂತಾಪ ಹೇಳಲು ಮನೆಗೆ ಹೋದಾಗ ಅವರ ಪತ್ನಿ ಅಳುತ್ತಿರಲಿಲ್ಲ. "ಅವರಿಗೆ ಆ ಸರೋವರ ಗೊತ್ತಿತ್ತು ಫಾದರ್. ನಮ್ಮ ಮನೆಯ ಅಡಿಗೆಕೋಣೆ ನನಗೆ ಗೊತ್ತಿರುವಷ್ಟು ಗೊತ್ತಿತ್ತು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮಾತಿನಲ್ಲಿ ಒಂದು ಪ್ರಶ್ನೆಯಿತ್ತು. ನೆರೆದವರಲ್ಲಿ ಯಾರೋ ಒಬ್ಬರು, ಎಲ್ಲ ಸಾವಿನ ಮನೆಗಳಲ್ಲೂ ಹೇಳುವಂತೆ, ಇದು ದೇವರ ಚಿತ್ತ ಎಂದರು.

ಗುರುವಾಗಿ ನಾನು ಆ ಮಾತನ್ನು ಪ್ರಬೋಧನೆಯಲ್ಲಿ ಹೇಳಲಿಲ್ಲ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹರಿವ ನೀರಿನ ಮೇಲಿನ ಮಂಜುಗಡ್ಡೆ ಕೊಳೆಯುವುದು ದೇವರು ನೀರಿಗಿತ್ತ ಸ್ವಭಾವ. ಒಬ್ಬ ತಂದೆಯನ್ನು ಅವನ ಮಕ್ಕಳಿಂದ ಕಿತ್ತುಕೊಳ್ಳಲು ಅದನ್ನು ದೇವರು ಆ ಶನಿವಾರಕ್ಕೆಂದು ತೆಳ್ಳಗೆ ಮಾಡಿದರೆಂದು ನಂಬಲು ನನಗೆ ಸಾಧ್ಯವಾಗಲಿಲ್ಲ. ಆ ಪತ್ನಿ ಹಾಗೆ ನಂಬುವಂತೆ ಮಾಡುವ ಹಕ್ಕೂ ನನಗಿರಲಿಲ್ಲ. ಕ್ರಿಸ್ತರ ಕರುಣೆಯನ್ನೂ ಪುನರುತ್ಥಾನದ ಭರವಸೆಯನ್ನೂ ಕುರಿತು ಮಾತನಾಡಿದೆ. ಆದರೆ ಆಕೆಯ ಮಾತು ನನ್ನೊಳಗೆ ಉಳಿದುಕೊಂಡಿತು. ಅವರಿಗೆ ಗೊತ್ತಿತ್ತು ಎಂಬುದು ಸುಳ್ಳಲ್ಲ. ಅವರಿಗೆ ಗೊತ್ತಿದ್ದದ್ದು ನಲವತ್ತು ವರ್ಷಗಳ ಸರೋವರ. ಆ ಬೆಳಗಿನ ಸರೋವರವಲ್ಲ. ನಲವತ್ತು ವರ್ಷ ಪ್ರತಿಬಾರಿಯೂ ಸುರಕ್ಷಿತವಾಗಿ ಹಿಂದಿರುಗಿದ್ದೇ ಅವರಿಗೆ ಸಾಕ್ಷಿಯಾಗಿತ್ತು. ಹೊಸಬ ಹೆದರಿ ಹೆದರಿ ಹೆಜ್ಜೆಯಿಡುತ್ತಾನೆ. ಹಳಬನಿಗೆ ಅಭ್ಯಾಸವೇ ಹಾರೆಯಾಗಿಬಿಡುತ್ತದೆ.

ನಮ್ಮ ಹಿರಿಯರು ಹಾರೆ ಹಿಡಿದು ಹಿಂದಿರುಗಿದ ಒಂದು ದಿನವನ್ನೂ ಹೇಳಬೇಕು. ಅದು 2024ರ ಜನವರಿ. ದೂರದ ಊರಿನಿಂದ ಬಂದಿದ್ದ ಹನ್ನೆರಡು ವರ್ಷದ ಮೊಮ್ಮಗನಿಗೆ ಮೀನು ಹಿಡಿಯುವುದನ್ನು ಕಲಿಸುವೆನೆಂದು ಒಂದು ವರ್ಷದಿಂದ ಮಾತುಕೊಟ್ಟಿದ್ದರು. ಹುಡುಗ ಹೊಸ ಗಾಳ, ಹೊಸ ಬೂಟು ತೊಟ್ಟು ಸಿದ್ಧನಾಗಿದ್ದ. ನಾನೂ ಜೊತೆಗಿದ್ದೆ. ದಡದಿಂದ ಇನ್ನೂರು ಗಜ ಆಚೆ ಹತ್ತಾರು ಜನ ಡೇರೆ ಹಾಕಿಕೊಂಡು ಕುಳಿತಿದ್ದರು, ಕೈಬೀಸಿ ಕರೆದರು. ಮೊದಲ ರಂಧ್ರದಲ್ಲಿ 5 ಅಂಗುಲ. ಅದರಲ್ಲಿ 3 ಅಂಗುಲ ಬಿಳಿಯದು. ಇಪ್ಪತ್ತು ಹೆಜ್ಜೆಯಾಚೆ ಎರಡನೆಯ ರಂಧ್ರದಲ್ಲಿ ಒಟ್ಟು 3 ಅಂಗುಲ. ಹಿರಿಯರು ಕಡ್ಡಿಯನ್ನು ಹುಡುಗನ ಕೈಗೆ ಕೊಟ್ಟು, ನೀನೇ ಅಳೆ ಎಂದರು. ಅವನು ಅಳೆದ. "ನಡೆ, ಮನೆಗೆ" ಎಂದರು. "ಅವರೆಲ್ಲ ಕೂತಿದ್ದಾರಲ್ಲ ಅಜ್ಜ!" ಎಂದು ಹುಡುಗನ ಗಂಟಲು ಕಟ್ಟಿತು. ಅಜ್ಜ ವಾದಿಸಲಿಲ್ಲ, ಬಂದ ಹೆಜ್ಜೆಗಳ ಮೇಲೆಯೇ ಹಿಂದಕ್ಕೆ ನಡೆದರು. ದಡ ಸೇರುವಷ್ಟರಲ್ಲಿ ಡೇರೆಗಳ ಕಡೆಯಿಂದ ಒಂದು ನಗೆಯೂ ಕೇಳಿಬಂತು.

ಆ ದಿನ ಅಲ್ಲಿ ಕುಳಿತಿದ್ದವರಿಗೆ ಏನೂ ಆಗಲಿಲ್ಲ. ಸಂಜೆ ಮೀನು ಹಿಡಿದುಕೊಂಡು ಮನೆಗೆ ಹೋದರು. ಅವರು ಬೇರೆ ದಾರಿಯಿಂದ ಗಟ್ಟಿ ಜಾಗಕ್ಕೆ ತಲುಪಿದ್ದರೋ, ಅದೃಷ್ಟವೋ ಗೊತ್ತಾಗಲಿಲ್ಲ. ಮಂಜುಗಡ್ಡೆಯ ವಿಚಾರದಲ್ಲಿ ನನಗೆ ಅತಿ ಕಠಿಣವೆಂದು ತೋರಿದ್ದು ಇದೇ: ಮುಂದೆ ಹೋಗಿ ಬದುಕಿದವನಿಗೆ ತಾನು ಸರಿಯೆಂಬ ಸಾಕ್ಷಿ ಪ್ರತಿದಿನ ಸಿಗುತ್ತದೆ, ಹಿಂದಿರುಗಿದವನಿಗೆ ಎಂದಿಗೂ ಸಿಗುವುದಿಲ್ಲ. ಅವನಿಗೆ ಸಿಗುವುದು ಮೊಮ್ಮಗನ ಮುನಿಸು, ನೆರೆಯವರ ನಗೆ. ಹಿರಿಯರು ಅದನ್ನು ಹೊತ್ತುಕೊಂಡು ಮನೆಗೆ ಹೋಗಿ ಹುಡುಗನಿಗೆ ಪ್ಯಾನ್‌ಕೇಕ್ ಮಾಡಿಕೊಟ್ಟರು.

ಸಂಪ್ರದಾಯವನ್ನು ಉಳಿಸಿ ಬೆಳೆಸುವ ಕೆಲಸದಲ್ಲಿರುವ ನನ್ನಂಥವರು ಇದನ್ನು ಸುಲಭವಾಗಿ ಮರೆಯಲಾರರು. ಹಳಬರ ಪಂಚಾಂಗ ಕೈಕೊಟ್ಟಿತು, ನಿಜ. ಆದರೆ ಆ ಹಾರೆಯೂ ಹಳಬರದೇ. ಸ್ಲೊವೇನಿಯಾದಿಂದ ಬಂದ ಅಜ್ಜ ಮೊಮ್ಮಗನ ಕೈಗೆ ಕೊಟ್ಟದ್ದು. ಒಂದೇ ಮನೆಯಿಂದ ಎರಡು ಬಗೆಯ ಆಸ್ತಿ ಬಂದಿತ್ತು: ಯಾವ ದಿನ ಹೋಗಬಹುದೆಂಬ ತಾರೀಖು, ಹೇಗೆ ನೋಡಬೇಕೆಂಬ ಪರೀಕ್ಷೆ. ತಾರೀಖನ್ನು ನೆನಪಿಡುವುದು ಸುಲಭವಾದ್ದರಿಂದ ಹೆಚ್ಚಿನವರು ಅದನ್ನೇ ಉಳಿಸಿಕೊಂಡಿದ್ದರು.

ಆ ಸೀಮೆಗೆ ಶುಭಸಂದೇಶ ತಂದವರಲ್ಲಿ ಒಬ್ಬರಾದ ಫ್ರೆಡರಿಕ್ ಬರಗಾ ಅವರೂ ಸ್ಲೊವೇನಿಯಾದವರೇ. 1835ರಲ್ಲಿ ಸುಪೀರಿಯರ್ ಸರೋವರದ ಲಾ ಪಾಯಿಂಟ್‌ಗೆ ಬಂದು, ಒಜಿಬ್ವೆ ಜನರ ಭಾಷೆ ಕಲಿತು, 1850ರಲ್ಲಿ ಅದರ ವ್ಯಾಕರಣವನ್ನೂ 1853ರಲ್ಲಿ ನಿಘಂಟನ್ನೂ ಪ್ರಕಟಿಸಿದವರು. (ನಮ್ಮ ಕಿಟೆಲರ ನಿಘಂಟು ಬಂದದ್ದು 1894ರಲ್ಲಿ.) ಚಳಿಗಾಲದಲ್ಲಿ ಹಿಮದ ಮೆಟ್ಟು ತೊಟ್ಟು ನೂರಾರು ಮೈಲಿ ನಡೆದು ಜನರ ಬಳಿ ಹೋಗುತ್ತಿದ್ದುದರಿಂದ ‘ಹಿಮಮೆಟ್ಟಿನ ಗುರು’ ಎಂದೇ ಖ್ಯಾತರು. 2012ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಅವರನ್ನು ಪೂಜನೀಯರೆಂದು ಸಾರಿದರು. ಅವರ ಧೈರ್ಯವನ್ನು ನಾವು ಹೊಗಳುತ್ತೇವೆ. ಆ ನೆಲಜಲವನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿಗಳನ್ನು ಅವರು ಜೊತೆಗೆ ಕರೆದೊಯ್ಯುತ್ತಿದ್ದುದನ್ನು ಹೇಳುವುದು ಕಡಿಮೆ.

ನೀರಿನ ಮೇಲೆ ನಡೆದ ಸಂತ ಪೇತ್ರರ ಕಥೆಯನ್ನೂ ನಾವು ಹಾಗೆಯೇ ಅರ್ಧ ಹೇಳುತ್ತೇವೆ. ಮತ್ತಾಯನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಪೇತ್ರರು ದೋಣಿಯಿಂದ ಧುಮುಕಲಿಲ್ಲ. ಬಂದವರು ನಿಜವಾಗಿಯೂ ಪ್ರಭುವೇ ಆಗಿದ್ದರೆ ತನ್ನನ್ನು ಬರಹೇಳಬೇಕೆಂದು ಮೊದಲು ಕೇಳಿದರು. ಬಾ ಎಂಬ ಅಪ್ಪಣೆಯಾದ ಮೇಲೆ ಕಾಲಿಟ್ಟರು. ಅಪ್ಪಣೆ ಕೇಳದೆ ಧುಮುಕುವಂತೆ ಸಲಹೆ ಕೊಟ್ಟವನು ಬೇರೆಯವನು. ಅದೇ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ, ದೇವಾಲಯದ ಶಿಖರದ ಮೇಲೆ, ದೂತರು ಎತ್ತಿ ಹಿಡಿಯುತ್ತಾರೆಂಬ ಧರ್ಮಗ್ರಂಥದ ಮಾತನ್ನೇ ಮುಂದಿಟ್ಟು ಕೆಳಗೆ ಹಾರಲು ಹೇಳಿದವನು ಸೈತಾನ. ದೇವರನ್ನು ಪರೀಕ್ಷಿಸಬಾರದೆಂದು ಯೇಸು ನಿರಾಕರಿಸಿದರು. ಶಿಲುಬೆಯ ಗುರುತು ಹಾಕಿಕೊಂಡು ಅಳೆಯದ ಮಂಜುಗಡ್ಡೆಯ ಮೇಲೆ ಹೆಜ್ಜೆಯಿಡುವವರನ್ನು ಕಂಡಿದ್ದೇನೆ. ಅದನ್ನು ವಿಶ್ವಾಸವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು, ಮಕ್ಕಳನ್ನು ಆ ದೇಶಗಳಿಗೆ ಕಳುಹಿಸಿರುವ ನಿಮಗೆ ಕೆಲವು ಮಾತು. 2022ರ ಡಿಸೆಂಬರ್ 26ರಂದು ಅರಿಜೋನಾ ರಾಜ್ಯದ ವುಡ್ಸ್ ಕ್ಯಾನಿಯನ್ ಸರೋವರದಲ್ಲಿ ಮಂಜುಗಡ್ಡೆ ಒಡೆದು ಭಾರತೀಯ ಮೂಲದ ಮೂವರು ಸತ್ತರು. ಕ್ರಿಸ್ಮಸ್ ರಜೆಯಲ್ಲಿ ಹಿಮ ನೋಡಲು ಕುಟುಂಬಗಳ ಸಮೇತ ಹೋದವರು. ಅರಿಜೋನಾ ಎಂದರೆ ನಮಗೆ ಮರುಭೂಮಿಯೇ ನೆನಪಾಗುತ್ತದೆ. ಅಲ್ಲಿನ ಎತ್ತರದ ಪ್ರದೇಶಗಳ ಕೆರೆಗಳು ಹೆಪ್ಪುಗಟ್ಟುತ್ತವೆ, ಆದರೆ ನಂಬುವಷ್ಟು ಅಲ್ಲ. ಮಗನೊಡನೆ ಫೋನಿನಲ್ಲಿ ಮಾತನಾಡುವಾಗ ಸ್ವೆಟರ್ ಹಾಕಿಕೊಂಡೆಯಾ ಎಂದು ಕೇಳುವ ನೀವು, ಕೆರೆಯ ಮೇಲೆ ಹೋಗುವ ಮೊದಲು ಅಳೆದು ನೋಡಿದವರು ಯಾರು ಎಂದೂ ಕೇಳಿ. ಆಯಾ ಊರಿನಲ್ಲಿ ಮೀನಿನ ಎರೆ ಮಾರುವ ಅಂಗಡಿಯವನಿಗೆ ಆ ವಾರದ ಮಂಜುಗಡ್ಡೆಯ ಸ್ಥಿತಿ ಸಾಮಾನ್ಯವಾಗಿ ತಿಳಿದಿರುತ್ತದೆ. ಒಂಟಿಯಾಗಿ ಹೋಗಬಾರದು. ಚಿಕ್ಕ ಮಕ್ಕಳ ಕೈ ಬಿಡಬಾರದು, ಅವರಿಗೆ ಬಿಳಿಯ ಬಯಲೆಲ್ಲ ಆಟದ ಬಯಲೇ.

ಒಂದು ವೇಳೆ ಬಿದ್ದರೆ, ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ. ಗಾಬರಿಯಿಂದ ಬಡಿದಾಡದೆ ತಲೆಯನ್ನು ಮೇಲಿರಿಸಿಕೊಂಡು ಉಸಿರು ಹದಕ್ಕೆ ಬರಲು ಕಾಯಬೇಕು. ಆಮೇಲೆ ಕೈಕಾಲುಗಳು ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಅಷ್ಟರೊಳಗೆ ಬಂದ ದಿಕ್ಕಿಗೇ ತಿರುಗಬೇಕು, ಏಕೆಂದರೆ ಅಲ್ಲಿಯವರೆಗಿನ ಮಂಜುಗಡ್ಡೆ ತಮ್ಮನ್ನು ಹೊತ್ತಿತ್ತು. ಮೊಣಕೈಗಳನ್ನು ಅಂಚಿನ ಮೇಲಿಟ್ಟು, ಈಜುವಂತೆ ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಜಾರಿ ಮೇಲೇರಬೇಕು. ಮೇಲೆ ಬಂದ ಕೂಡಲೇ ಎದ್ದು ನಿಲ್ಲಬಾರದು. ಉರುಳುತ್ತ ದೂರ ಸರಿಯಬೇಕು. ಮೇಲೇರಲು ಆಗದಿದ್ದರೂ ಪ್ರಜ್ಞೆ ತಪ್ಪಲು ಒಂದು ಗಂಟೆಯಷ್ಟು ಹೊತ್ತು ಹಿಡಿಯಬಹುದು. ಆದ್ದರಿಂದ ಆಸೆ ಬಿಡಬೇಕಿಲ್ಲ. ದಡದಲ್ಲಿರುವವರು ಪ್ರೀತಿಯ ಆವೇಗದಲ್ಲಿ ಓಡಿಹೋದರೆ ಒಂದರ ಜಾಗದಲ್ಲಿ ಎರಡು ಸಾವಾಗುತ್ತದೆ. ತುರ್ತು ಸಂಖ್ಯೆಗೆ ಕರೆಮಾಡಿ, ಹಗ್ಗವನ್ನೋ ಕೊಂಬೆಯನ್ನೋ ಕೋಟನ್ನೋ ಎಸೆಯಬೇಕು.

ಮಂಜುಗಡ್ಡೆಯನ್ನು ನಂಬಿ ಇಡೀ ಧರ್ಮಕೇಂದ್ರಗಳೇ ಹೊರಟ ಒಂದು ನಡಿಗೆಯ ಸಂಗತಿ ಯುರೋಪಿನಲ್ಲಿದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ನಡುವಿನ ಕಾನ್‌ಸ್ಟನ್ಸ್ ಸರೋವರದ ಜರ್ಮನ್ ದಡದಲ್ಲಿ ಹಾಗ್ನೌ, ಸ್ವಿಸ್ ದಡದಲ್ಲಿ ಮುನ್‌ಸ್ಟರ್‌ಲಿಂಗೆನ್ ಎಂಬ ಊರುಗಳಿವೆ. ಆ ದೊಡ್ಡ ಸರೋವರ ಪೂರ್ತಿಯಾಗಿ ಹೆಪ್ಪುಗಟ್ಟುವುದು ಶತಮಾನಕ್ಕೊಮ್ಮೆ ಎಂಬಷ್ಟು ಅಪರೂಪ. ಹಾಗೆ ಹೆಪ್ಪುಗಟ್ಟಿದಾಗ ಶುಭಸಂದೇಶಕಾರ ಸಂತ ಯೊವಾನ್ನರ ಅರ್ಧಪ್ರತಿಮೆಯನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ಮೆರವಣಿಗೆಯಲ್ಲಿ ಹೊತ್ತು ತರುವ ವಾಡಿಕೆ 1573ರಿಂದ ನಡೆದುಬಂದಿದೆ. ಪ್ರತಿಮೆ ಮುಂದಿನ ಹೆಪ್ಪುಗಟ್ಟುವಿಕೆಯವರೆಗೆ ಆ ಊರಿನಲ್ಲೇ ಉಳಿಯುತ್ತದೆ. 1830ರಲ್ಲಿ ಅದು ಹಾಗ್ನೌಗೆ ಬಂತು. ನೂರಮೂವತ್ತಮೂರು ವರ್ಷ ಅಲ್ಲಿಯೇ ಇದ್ದು, 1963ರ ಫೆಬ್ರವರಿ 12ರಂದು ಸಾವಿರಾರು ಜನರ ಜೊತೆ ಮಂಜುಗಡ್ಡೆಯನ್ನು ದಾಟಿ ಮುನ್‌ಸ್ಟರ್‌ಲಿಂಗೆನ್ ಸೇರಿತು. ಆಮೇಲೆ ಸರೋವರ ಪೂರ್ತಿಯಾಗಿ ಹೆಪ್ಪುಗಟ್ಟಿಲ್ಲ. ಪ್ರತಿಮೆ ಸ್ವಿಸ್ ದಡದ ದೇವಾಲಯದಲ್ಲಿಯೇ ಇದೆ. ಮುಂದಿನ ಸರದಿ ಹಾಗ್ನೌ ಊರಿನವರದು.